ತಿರುಪಿನ ಸಂದಿಯ ನೀಲಿ

ಹಿತ್ತಾಳೆಯ ಪಂಪಿನ ಮೂತಿಗೆ ತಿಳಿನೀಲಿ ಕಲೆ ಹತ್ತಿತ್ತು. ಹುಣಸೆಹಣ್ಣು ಹಚ್ಚಿ ಎಷ್ಟು ತಿಕ್ಕಿದರೂ ತಿರುಪಿನ ಸಂದಿಯಲ್ಲಿ ಅದು ಉಳಿದೇ ಉಳಿಯಿತು. ಕುರಿಗಾರ ಬೀರಪ್ಪನ ಕುರಿಗಳು ಸತ್ತದ್ದು ರೋಗದಿಂದಲ್ಲ — ಆ ಪಂಪಿನಿಂದ ನಾನು ದ್ರಾಕ್ಷಿ ಬಳ್ಳಿಗೆ ಕದ್ದು ಹೊಡೆದ ಔಷಧದಿಂದ. ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ಕುಂದಗೋಳದ ಹತ್ತಿರ ನಮ್ಮ ದ್ರಾಕ್ಷಿ ತೋಟವಿದೆ. ಅದರ ಮಾತು ಬಂದರೆ ನನಗೆ ಇಂದಿಗೂ ಎದೆ ಉಬ್ಬುತ್ತದೆ, ಅದನ್ನೂ ಮುಚ್ಚಿಡಲಾರೆ. ಗುದ್ದಲಿ ಹಾಕಿದರೆ ಟಣ್ ಎನ್ನುತ್ತಿದ್ದ ಕೆಂಪು ಮಸಾರಿ ಹೊಲವನ್ನು ಅಪ್ಪನ ತಮ್ಮ, ನಮ್ಮ ಕಾಕಾ, ಹಿಡಿದರೆ ಪುಡಿಯಾಗುವ ಮೆತ್ತನೆಯ ಮಣ್ಣಾಗಿಸಿದರು. ಸಾಲುಗಳ ನಡುವೆ ಸೆಣಬು ಬಿತ್ತಿ ಗೊಬ್ಬರಕ್ಕೆಂದು ಅಲ್ಲೇ ಮಗುಚಿ ಹಾಕುತ್ತಿದ್ದರು. ಔಷಧ ಹೊಡೆಯುವುದನ್ನೇ ಬಿಟ್ಟು ಪಂಪನ್ನು ಅಟ್ಟಕ್ಕೇರಿಸಿದ್ದರು. ಮಳೆಗಾಲ ಮುಗಿದು ಬಳ್ಳಿ ಕತ್ತರಿಸುವ ಹೊತ್ತಿಗೆ ಬೀರಪ್ಪನ ಕುರಿಗಳು ಬಂದು, ಬಿದ್ದ ಎಲೆ ತಿಂದು, ಅಲ್ಲೇ ತಂಗಿ, ಹಿಕ್ಕೆ ಹಾಕಿ ಹೋಗುತ್ತಿದ್ದವು. ಹಣ್ಣು ವೈನ್ ಮಾಡುವವರಿಗೆ ಹೋಗುತ್ತಿತ್ತು.

"ಕೊರಳಾಗ ಲಿಂಗ, ತ್ವಾಟದಾಗ ಶೆರೆ! ಛಲೋ ಆತು ನಿಮ್ಮ ಸಂಸಾರ," ಎಂದು ಕಾಕಾನ ಹೆಂಡತಿ, ನಮ್ಮ ಕಾಕು, ಚುಚ್ಚುತ್ತಿದ್ದರು.

"ಬೆಳಿಯಾವ ನಾ, ಮಾಡಾವ ಒಬ್ಬಾವ, ಕುಡಿಯಾವ ಮತ್ತೊಬ್ಬಾವ. ಪಾಪ ಹಂಚಿ ಹೊಕ್ಕೈತಿ ಬಿಡು," ಎನ್ನುತ್ತಿದ್ದರು ಕಾಕಾ.

ವೈನ್ ಮಾಡುವವರು ಕಳಿಸಿದ ಮೊದಲ ಬಾಟಲಿಯನ್ನು ನಮ್ಮ ಮನೆಯಲ್ಲಿ ಯಾರೂ ತೆರೆದಿಲ್ಲ. ಬಂದವರಿಗೆ ಅದನ್ನು ಬಿಸಿಲಿಗೆ ಹಿಡಿದು ಬಣ್ಣ ತೋರಿಸುತ್ತೇವೆ.

ನಾನು ಧಾರವಾಡದಲ್ಲಿ ಕೃಷಿ ಓದಿ ಮರಳಿದ ವರ್ಷ ಮಳೆ ಬಿಡಲೇ ಇಲ್ಲ. ಎಲೆಗಳ ಅಡಿಯಲ್ಲಿ ಬಿಳಿ ಬೂಜು ಕಂಡಿತು. "ಬಳ್ಳಿ ತಾನ ತಡಕೋತೈತಿ," ಎಂದರು ಕಾಕಾ. ನನಗೆ ನಂಬಿಕೆ ಬರಲಿಲ್ಲ — ಅಥವಾ ಅವರ ತೋಟ ಸೋಲುವುದನ್ನು ನೋಡಲಾರದೆ ಹೋದೆನೋ... ಅವರು ಲಗ್ನಕ್ಕೆಂದು ನವಲಗುಂದಕ್ಕೆ ಹೋದಾಗ ಪಂಪು ಇಳಿಸಿ, ಮೈಲುತುತ್ತ ಸುಣ್ಣ ಕಲಸಿ, ಹಳ್ಳದ ಬದಿಯ ಸಾಲುಗಳಿಗೆ ಹೊಡೆದೆ. ಉಳಿದದ್ದನ್ನು ಅಲ್ಲೇ ಹುಲ್ಲಿನ ಮೇಲೆ ಚೆಲ್ಲಿ, ಪಂಪು ತಿಕ್ಕಿ ಮತ್ತೆ ಅಟ್ಟಕ್ಕಿಟ್ಟೆ. ಮಳೆ ಎಲೆಯ ಮೇಲಿನ ನೀಲಿಯನ್ನು ತೊಳೆಯಿತು, ಅಡಿಯದು ಉಳಿಯಿತು.

ಮೈಲುತುತ್ತವೆಂದರೆ ತಾಮ್ರ. ಕುರಿಗೆ ತಾಮ್ರ ವಿಷ. ಇದನ್ನು ಓದಿ, ಪರೀಕ್ಷೆಯಲ್ಲಿ ಬರೆದು ಬಂದವಳು ನಾನು. ಆ ಸಲ ಕುರಿಗಳಿಗೆ ತೋಟದ ಬಾಗಿಲು ತೆರೆದವಳೂ ನಾನೇ.

"ಏನ್ ತಂಗಿ, ಶ್ಯಾಣ್ಯಾಕಿ ಆಗಿ ಬಂದಿ! ಇನ್ನ ನಮ್ಮ ಕುರೀಗೂ ಸಾಲಿ ಕಲಸ್ತಿಯೇನ?" ಎಂದು ಬೀರಪ್ಪ ನಕ್ಕ. ನಾನೂ ನಕ್ಕೆ. ಎಲ್ಲ ತೊಳೆದು ಹೋಗಿರಬೇಕು ಅಂದುಕೊಂಡೆ. ಹಳ್ಳದ ಬದಿಗೆ ಬಿಡಬೇಡ ಎನ್ನಲು ಸಾಕಷ್ಟು ಹೊತ್ತಿತ್ತು — ಅಂದಿದ್ದರೆ ಯಾಕೆಂದು ಕೇಳುತ್ತಿದ್ದ.

ಕುರಿಗಳ ಕಣ್ಣು ಹಳದಿಯಾದವು. ಉಚ್ಚೆ ಕೆಂಪಾಯಿತು. ಒಂದರ ಹಿಂದೊಂದು ಬಿದ್ದವು.

"ರೋಗದ ಕುರಿ ತಂದು ನನ್ನ ತ್ವಾಟದಾಗ ಬಿಟ್ಟಿಯೇನಲೇ? ಇನ್ನ ಈ ಬಾಜು ಕಾಲಿಡಬ್ಯಾಡ!" ಕಾಕಾ ಎಲ್ಲರೆದುರು ಬೈದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಆ ಮಾತು ಊರೂರಿಗೆ ಹಬ್ಬಿತು. ಹೊಲದಲ್ಲಿ ಕುರಿ ತಂಗಿಸಿಕೊಂಡವರು ಕುರಿಗಾರನಿಗೆ ಕಾಳು ಕೊಡುವುದು ನಮ್ಮ ಕಡೆಯ ರೂಢಿ. ಬೀರಪ್ಪನ ಮನೆ ನಡೆಯುತ್ತಿದ್ದುದು ಅದರ ಮೇಲೆ. ಇನ್ನು ಯಾರೂ ಅವನನ್ನು ಕರೆಯಲಿಲ್ಲ. ಉಳಿದ ಕುರಿ ಮಾರಿ ಅವನು ಕೂಲಿಗೆ ನಿಂತ. ಸಂತೆಯಲ್ಲಿ ಎದುರಾದರೆ ಅವನೇ ತಲೆ ತಗ್ಗಿಸುತ್ತಿದ್ದ. ತನ್ನ ಕುರಿಗಳದ್ದೇ ತಪ್ಪೆಂದು ಅವನೂ ನಂಬಿದ್ದ.

ಈ ಸಲ ವೈನ್ ಮಾಡುವವರು ತೋಟ ನೋಡಲು ಬಂದರು. ಕಾಕಾ ಬೊಗಸೆ ಮಣ್ಣೆತ್ತಿ ಅವರ ಮೂಗಿಗೆ ಹಿಡಿದರು. "ವಾಸ್ನಿ ನೋಡ್ರಿ. ಅಟ್ಟ ಏರಿದ ಪಂಪ ಇಳದಿಲ್ಲ. ನಮ್ಮ ಹುಡುಗಿ ಕಲತಾಕಿ, ಸುಳ್ಳ ಹೇಳಾಂಗಿಲ್ಲ, ಆಕೀನ ಕೇಳ್ರಿ."

"ಹೌದ್ರಿ," ಎಂದೆ.

ಅಲ್ಲಿಯವರೆಗೆ ಸುಮ್ಮನಿದ್ದೆ, ಈಗ ಸುಳ್ಳೂ ಹೇಳಿದೆ. ಆ ಮಣ್ಣಿನಲ್ಲಿ ಎಷ್ಟೋ ವರ್ಷಗಳ ಹಿಕ್ಕೆ ಬೆರೆತಿತ್ತು. ನಾವು ಹೆಮ್ಮೆಯಿಂದ ಮೂಸಲು ಕೊಟ್ಟ ವಾಸನೆಯಲ್ಲಿ ಬೀರಪ್ಪನ ಪಾಲಿತ್ತು — ಅವನ ಹೆಸರನ್ನು ಯಾರೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಪಂಪು ಇಳಿಸಿ, ಚಹಾ ಕುಡಿಯುತ್ತಿದ್ದ ಕಾಕಾನ ಮುಂದಿಟ್ಟೆ. ಎಲ್ಲ ಹೇಳಿದೆ. ಅವರು ತಿರುಪಿನ ಸಂದಿಯ ನೀಲಿಯನ್ನು ಉಗುರಿನಿಂದ ಕೆರೆಯುತ್ತ ಕೂತರು.

"ಬೀರಪ್ಪಗ ಹೇಳಿಯೇನು?"

"ಇಲ್ಲ ಕಾಕಾ."

"ಮತ್ತ ನನ್ನ ಮುಂದ ಯಾಕ ನಿಂತಿ?"

ಪಂಪನ್ನು ಬೆನ್ನಿಗೇರಿಸಿಕೊಂಡು ಊರ ನಡುವಿನ ದಾರಿಯಲ್ಲೇ ನಡೆದೆ. "ಎತ್ತಾಗ ಹೊಂಟ್ರಿ ಅಕ್ಕಾರ? ನಿಮ್ಮ ತ್ವಾಟಕ್ಕ ಔಷಧ ಆಗಂಗಿಲ್ಲಲ್ರಿ!" ಎಂದು ಬಾವಿಕಟ್ಟೆಯಿಂದ ಯಾರೋ ನಗೆಯಾಡಿದರು. "ಬೀರಪ್ಪನ ಮನಿಗೆ," ಎಂದೆ, ನಿಲ್ಲದೆ.

ಅವನ ಹೆಂಡತಿ ಅಂಗಳದಲ್ಲಿ ಕಂಬಳಿ ಹಾಸಿ "ಕುಂಡ್ರು ಬಾ ಯವ್ವಾ" ಎಂದಳು. ಕೂಡಲಿಲ್ಲ. ಪಂಪನ್ನು ಬರಿ ನೆಲದ ಮೇಲಿಳಿಸಿ, ನಿಂತೇ ಹೇಳಿದೆ:

"ಬೀರಪ್ಪಣ್ಣಾ, ನಿನ್ನ ಕುರೀಗೆ ರೋಗ ಇರಲಿಲ್ಲ."