ದವಾಖಾನೆಯ ರೊಟ್ಟಿ ಗಂಟು

“ನಮಗ ಇವತ್ತ ಬಿಟ್ರು ತಮ್ಮಾ. ನಿನ್ನ ಯಾವಾಗ ಬಿಡ್ತಾರ?”

ಮಿರಜದ ಆಸ್ಪತ್ರೆಯೊಂದರ ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ನಿಂತು ಅಥಣಿ ಕಡೆಯ ಅಜ್ಜಿ ಹೀಗೆ ಕೇಳಿದಾಗ ತಬ್ಬಿಬ್ಬಾದೆ. ನಾನು ರೋಗಿಯಲ್ಲ. ಹೊಸ ಯಂತ್ರ ಕೂರಿಸಿ ಇಲ್ಲಿಯವರಿಗೆ ಕಲಿಸಿಕೊಡಲು ಆರು ತಿಂಗಳ ಮಟ್ಟಿಗೆ ಹಾಸನದಿಂದ ಬಂದ ತಂತ್ರಜ್ಞ. ದಿನವಿಡೀ ಬಾರದ ಮರಾಠಿಯಲ್ಲಿ ತಡವರಿಸಿ ದಣಿಯುತ್ತಿದ್ದ ನನಗೆ, ಗಂಡನ ಆರೈಕೆಗೆ ಬಂದಿದ್ದ ಈ ಅಜ್ಜಿಯೊಡನೆ ನಾಲ್ಕು ಮಾತಾಡುವುದೇ ವಿಶ್ರಾಂತಿಯಾಗಿತ್ತು.

“ಇನ್ನೂ ಮೂರು ತಿಂಗ್ಳಿದೆ ಅಜ್ಜಿ,” ಎಂದೆ.

ಅಜ್ಜಿ ಕಂಕುಳಲ್ಲಿದ್ದ ಬಟ್ಟೆಯ ಗಂಟನ್ನು ನನ್ನ ಮೇಜಿನ ಮೇಲಿಟ್ಟಳು. ಎಷ್ಟು ದಿನ ಇರಬೇಕಾಗುವುದೋ ತಿಳಿಯದೆ ಊರಿಂದ ಕಟ್ಟಿಕೊಂಡು ಬಂದಿದ್ದ ಖಡಕ್ ಜೋಳದ ರೊಟ್ಟಿಗಳು, ಜೊತೆಗೆ ಶೇಂಗಾ ಚಟ್ನಿಪುಡಿ. ಹೊರಲಾರದೆ ಬಿಟ್ಟುಹೋಗುತ್ತಿದ್ದಾಳೆ ಅಂದುಕೊಂಡು, “ಬೇಡ ಅಜ್ಜಿ, ನಂಗೆ ಕ್ಯಾಂಟೀನ್ ಊಟ ಇದೆ. ಮನೆಗೆ ತಗೊಂಡು ಹೋಗಿ,” ಎಂದೆ.

“ದವಾಖಾನಿ ಬುತ್ತಿ ನಾವು ತಿರುಗಿ ಮನಿಗೆ ಒಯ್ಯೂದಿಲ್ಲಪಾ. ಇನ್ನೂ ಇರಾವ್ರಿಗೆ ಕೊಟ್ಟ ಹೋಗ್ತೀವಿ. ಇಲ್ಲಿ ಎಲ್ಲಾರಕಿಂತ ಭಾಳ ದಿನ ಇರಾಂವ ನೀನ. ಕೆಡೂದಿಲ್ಲ, ತಿನ್ನು.”

ಸಂಜೆ ಅಮ್ಮ ಫೋನಿನಲ್ಲಿ ಎಂದಿನಂತೆ, “ಆ ಊರಿಗೆ ಹೊಂದ್ಕೊಂಡ್ಯಾ?” ಎಂದು ಕೇಳಿದಳು. ಇಷ್ಟು ದಿನ ಹೂಂ ಎನ್ನುತ್ತಿದ್ದವನು ರೊಟ್ಟಿ ಮುರಿಯುತ್ತ, “ಇಲ್ಲಮ್ಮ, ಸಾಕಾಗಿದೆ,” ಎಂದುಬಿಟ್ಟೆ.

ಆ ಗಂಟಿನಲ್ಲಿ ಎರಡು ರೊಟ್ಟಿ ಎತ್ತಿಟ್ಟಿದ್ದೇನೆ. ನನ್ನನ್ನು ಬಿಡುವ ದಿನ ಇನ್ನೂ ಇರುವವರಿಗೆ ಕೊಟ್ಟು ಹೋಗಬೇಕು.