ಸಾಲು ಮುರಿಯುವ ಜಾಗ

ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಕೊನೆಯ ವರ್ಷ ಓದುವಾಗ ನನಗೆ ಇಪ್ಪತ್ತೊಂದು. ಅದಕ್ಕೂ ಮೊದಲು ಚನ್ನರಾಯಪಟ್ಟಣದ ಮಂಡಿಯಲ್ಲಿ ತೆಂಗಿನಕಾಯಿ ಎಣಿಸುತ್ತಿದ್ದೆ. ಇಷ್ಟು ವಯಸ್ಸಿನವನನ್ನು ಸೇರಿಸಬಾರದೆಂದು ತಕರಾರು ಬಂದಾಗ, ಹೆಡ್‌ಮಾಸ್ತರರೇ ನನ್ನ ಕೈಹಿಡಿದು ಕರೆದೊಯ್ದು ಬೆಂಚಿನ ಮೇಲೆ ಕೂರಿಸಿದ್ದರು. ಈಗ ಅವರ ನಿವೃತ್ತಿ.

ಬೀಳ್ಕೊಡುಗೆಯ ಬಿನ್ನವತ್ತಳೆ ಪದ್ಯದಲ್ಲೇ ಇರಬೇಕು, ಅಚ್ಚು ಹಾಕಿಸಿ ಹಂಚಬೇಕು. ಆಗಿನ ಪದ್ಧತಿ ಅದು. ಬರೆಯುವ ಕೆಲಸವನ್ನು ಕನ್ನಡ ಪಂಡಿತರು ನನಗೆ ವಹಿಸಿದರು. ಅವರು ಹಂಗಾಮಿ. ಖಾಯಂ ಆಗಲು ಹೆಡ್‌ಮಾಸ್ತರರ ಶಿಫಾರಸು ಬೇಕಿತ್ತು. ಆ ಕಾಗದಕ್ಕೆ ಇನ್ನೂ ರುಜು ಬಿದ್ದಿರಲಿಲ್ಲ. ಹೆಡ್‌ಮಾಸ್ತರರಿಗೋ ಪ್ರಾಸವೆಂದರೆ ಪ್ರಾಣ. ಆದರೂ ಪಂಡಿತರು ಪ್ರಾಸವಿಲ್ಲದ ಸರಳ ರಗಳೆಯನ್ನೇ ಬರೆ ಎಂದರು.

"ಗ್ರೀಕರ ದೊಡ್ಡ ಕಾವ್ಯಗಳಲ್ಲಿ ಪ್ರಾಸ ಇಲ್ಲ, ಸಂಸ್ಕೃತ ಶ್ಲೋಕಕ್ಕೂ ಬೇಕಿಲ್ಲ. ಇಂಗ್ಲಿಷ್ ನಾಟಕದ ರಾಜರು ಪ್ರಾಸ ಇಲ್ಲದೇನೇ ಗುಡುಗ್ತಾರೆ. ಆದ್ರೆ ಪ್ರಾಸ ಬಿಟ್ಟೋನು ಲೆಕ್ಕ ಬಿಡೋ ಹಾಗಿಲ್ಲ ಕಣಯ್ಯ. ಐದು ಮಾತ್ರೆ, ಸಾಲಿಗೆ ನಾಲ್ಕು ಸಲ. ಅರ್ಥ ನಿಂತ ಕಡೆ ಸಾಲು ನಿಲ್ಲಬೇಕಾಗಿಲ್ಲ."

ಐದರ ಲೆಕ್ಕ ನನ್ನ ಕೈಯಲ್ಲೇ ಇತ್ತು. ಮಂಡಿಯಲ್ಲಿ ಬಲಗೈಲಿ ಮೂರು, ಎಡಗೈಲಿ ಎರಡು ಕಾಯಿ ಎತ್ತಿ ರಾಶಿಗೆ ಹಾಕುತ್ತಿದ್ದೆ. ಹಾಗೇ ಕೈಯಾಡಿಸಿಕೊಂಡು ಇಪ್ಪತ್ತು ಸಾಲು ಬರೆದೆ.

ಸಮಾರಂಭದ ದಿನ ಮಧ್ಯಾಹ್ನ ಪ್ರೆಸ್ಸಿಗೆ ಹೋಗಿ ಅಚ್ಚಾದ ಹಾಳೆಗಳ ಕಟ್ಟು ಬಿಚ್ಚಿದೆ. ಇಪ್ಪತ್ತು ಸಾಲೂ ಕೂಡಿಕೊಂಡು ಒಂದೇ ಪ್ಯಾರಾ.

"ಸಾಲೆಲ್ಲ ಎಲ್ಲೋದ್ವು ಅಣ್ಣ?"

ಅಚ್ಚಿನ ಮೊಳೆ ಜೋಡಿಸುವವರು ತಲೆ ಎತ್ತಲಿಲ್ಲ. "ಒಂದ್ ಕಡೆನಾರಾ ಪ್ರಾಸ ಕೂತದಾ? ಕಾಗ್ದ ಸಾಲ್ದೆ ಮುರ್ದು ಮುರ್ದು ಬರ್ದವ್ನೆ ಅಂದ್ಕಂಡು ಕೂಡ್ಸ್‌ದೆ ಕಣ್ಲಾ. ಒಳ್ಳೇದ್ ಮಾಡುದ್ರೂ ಬೈತೀಯಲ್ಲ!"

"ಇನ್ನೊಂದ್ಸಲ ಜೋಡ್ಸ್ಕೊಡಿ."

"ಮೊಳೆ ಬಿಚ್ಚಾಕಾಯ್ತು. ಇವತ್ತಾಗಕಿಲ್ಲ, ಓಗು."

ನಾಲ್ಕು ಗಂಟೆಗೆ ಅವನ್ನೇ ಹಂಚಿದೆವು. ಹಿಂದಿನ ಸಾಲಿನಿಂದ ಡ್ರಿಲ್ ಮಾಸ್ತರರು, "ಇದೇನ್ ಪಂಡಿತ್ರೇ, ಪದ್ಯಾನೋ ರಜಾ ಅರ್ಜೀನೋ?" ಎಂದರು. ನಗು ಎದ್ದಿತು. ಹೆಡ್‌ಮಾಸ್ತರರು ಕನ್ನಡಕ ತೆಗೆದರು.

"ನನ್ನ ಕೊನೇ ದಿನಕ್ಕೆ ಗದ್ಯ ಕೊಟ್ರಾ ಪಂಡಿತರೇ?"

ಪಂಡಿತರು ಎದ್ದು ನಿಂತರು. "ಹುಡುಗ ಓದ್ತಾನೆ ಸಾರ್. ಕೇಳಿ, ಆಮೇಲೆ ಹೇಳಿ."

ನಾನು ಮುಂದೆ ಬಂದೆ. ಕಾಗದವನ್ನು ಮೇಜಿನ ಮೇಲಿಟ್ಟು, ಬಾಯಿಪಾಠವಾಗಿಯೇ ಹೇಳಿದೆ. ಬಲಗೈ ಮೂರು, ಎಡಗೈ ಎರಡು. ಕೈ ತಾನಾಗಿ ಆಡುತ್ತಿತ್ತು. ಏಳೆಂಟು ಸಾಲಾದ ಮೇಲೆ ನಗು ನಿಂತಿತು. ಹೆಡ್‌ಮಾಸ್ತರರ ಬೆರಳು ಕುರ್ಚಿಯ ಕೈ ಮೇಲೆ ಬಡಿಯುತ್ತಿತ್ತು. ಮೆಚ್ಚಿಯೋ ಸಿಟ್ಟಾಗಿಯೋ ತಿಳಿಯಲಿಲ್ಲ.

ಮುಗಿದಾಗ ಯಾರೂ ಚಪ್ಪಾಳೆ ಹಾಕಲಿಲ್ಲ. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು. ಅವರು ಪೆನ್ನು ತೆಗೆದು ತಮ್ಮ ಹಾಳೆಯಲ್ಲಿ ಒಂದು ಅಡ್ಡಗೆರೆ ಎಳೆದರು. "'ಮಂಡಿಯಿಂ ಬಂದವನ ಕೈಹಿಡಿದು'. ಇಲ್ಲಿಗೆ ಮೊದಲ ಸಾಲು. ಅಲ್ವೇ?"

ಪಂಡಿತರು ನನ್ನ ಕಡೆ ನೋಡಿದರು. ನಾನು ಹೂಂ ಎಂದುಬಿಟ್ಟಿದ್ದರೆ ಆಗಿತ್ತು. ನನ್ನ ಬಾಯಿಂದ ಜಾರಿತು: "ಇಲ್ಲ ಸಾ. ಒಂದ್ ಐದು ಕಮ್ಮಿ ಆಯ್ತದೆ."

ಪಂಡಿತರು ಕಣ್ಣು ಮುಚ್ಚಿಕೊಂಡರು. ಡ್ರಿಲ್ ಮಾಸ್ತರರು "ಲೇ, ಕೂತ್ಕೊಳ್ಳೋ!" ಎಂದು ಗದರಿದರು. ಹೆಡ್‌ಮಾಸ್ತರರು ಬೆರಳು ಮಡಿಸುತ್ತ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಗೆರೆಯನ್ನು ಹೊಡೆದುಹಾಕಿ, 'ಬೆಂಚಿನಲಿ' ಎಂಬುದಾದ ಮೇಲೆ ಹೊಸ ಗೆರೆ ಎಳೆದರು. ಆಮೇಲೆ ಯಾರನ್ನೂ ಕೇಳದೆ ಕೆಳಗಿನವರೆಗೂ ಗೆರೆ ಎಳೆಯುತ್ತ ಹೋದರು. ಹತ್ತೊಂಬತ್ತು ಗೆರೆ. ಒಂದೂ ತಪ್ಪಿರಲಿಲ್ಲ.

"ಪ್ರಾಸ ಇದ್ದಿದ್ರೆ ನಾನು ಇಷ್ಟು ಕಷ್ಟಪಟ್ಟು ಓದ್ತಿರಲಿಲ್ಲ," ಎಂದರು. ಪೆನ್ನಿಗೆ ಮುಚ್ಚಳ ಹಾಕದೆ ಪಂಡಿತರ ಕಡೆ ತಿರುಗಿದರು. "ಎಲ್ರೀ ನಿಮ್ಮ ಕಾಗದ? ಕೊಡಿ ಇಲ್ಲಿ."

ಪಂಡಿತರು ಜೇಬಿಗೆ ಕೈ ಹಾಕಿದರು. ಕಾಗದವನ್ನು ಬಿಡಿಸಲು ಅವರ ಕೈಲಿ ಆಗಲಿಲ್ಲ. ನಾನೇ ಬಿಡಿಸಿ ಕೊಟ್ಟೆ.