ಗಾಣ ಕಟ್ಟದ ಸೋಮವಾರ

ಯಾರನ್ನಾದರೂ ‘ಗಾಣದೆತ್ತು’ ಎಂದು ಆಡಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಹಾಗೆ ಆಡುವವರು ಗಾಣದೆತ್ತನ್ನು ಕಂಡವರೇ ಅಲ್ಲ. ನಾನು ಅದರ ಜೊತೆ ಬೆಳೆದವಳು. ಮಂಡಿ ಮೊಹಲ್ಲಾದ ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಅಪ್ಪನ ಮರದ ಗಾಣವಿತ್ತು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ನಮ್ಮ ಬಿಳಿಯೆತ್ತು ಅದರ ಸುತ್ತ ತಿರುಗುತ್ತಿತ್ತು. ಹುಚ್ಚೆಳ್ಳೆಣ್ಣೆಯ ಘಮ ಬೀದಿಯ ತುದಿಯವರೆಗೂ ಹೋಗುತ್ತಿತ್ತು.

ಸೋಮವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲ. ಅದು ಬಸವನ ದಿನ. ಅವತ್ತು ಎತ್ತಿನ ಹೆಗಲಿಗೆ ನೊಗ ಇಡುವುದು ನಮ್ಮಲ್ಲಿ ಪಾಪ. ಅಪ್ಪ ಅದರ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಹಿಂಡಿ ತಿನ್ನಿಸಿ, ಪಕ್ಕದಲ್ಲೇ ಗೋಡೆಗೊರಗಿ ಕೂರುತ್ತಿದ್ದರು. ಎಣ್ಣೆಗೆ ಬಂದವರು ಎಂಥ ದೊಡ್ಡ ಮನುಷ್ಯರಾದರೂ ಸರಿಯೇ, ನಾಳೆ ಬನ್ನಿ ಎಂದು ಕಳಿಸಿಬಿಡುತ್ತಿದ್ದರು.

ಸ್ವಾತಂತ್ರ್ಯ ಬಂದ ಕೆಲವು ವರ್ಷಕ್ಕೆ ಪಕ್ಕದ ಬೀದಿಗೆ ಕರೆಂಟಿನ ಎಣ್ಣೆ ಮಿಲ್ಲು ಬಂತು. ಅದಕ್ಕೆ ಸೋಮವಾರವೂ ಇಲ್ಲ, ಅಮಾವಾಸ್ಯೆಯೂ ಇಲ್ಲ. ಗಾಣದೆಣ್ಣೆಯ ರುಚಿಯೇ ಬೇರೆ ಎಂದು ನಮ್ಮ ಜಗಲಿಯ ಮೇಲೆ ಕೂತು ಹೊಗಳುತ್ತಿದ್ದವರೇ ಡಬ್ಬ ಹಿಡಿದು ಅತ್ತ ನಡೆದರು. ಬಾಯಿ ಬೆಲ್ಲ, ಕರುಳು ಕತ್ತರಿ ಅನ್ನುವುದು ಇಂಥವರಿಗೇ. ಅವರನ್ನು ನಾನು ಇನ್ನೂ ಕ್ಷಮಿಸಿಲ್ಲ.

ಗಾಣ ನಿಂತಿತು. ಎತ್ತಿಗೆ ಮೇವು ಹೊಂದಿಸುವುದೇ ಕಷ್ಟವಾದಾಗ ಅಪ್ಪ ಅದನ್ನು ಶ್ರೀರಾಂಪುರದ ಕಡೆಯ ರೈತರೊಬ್ಬರಿಗೆ ಒಪ್ಪಿಸಿ ಬಂದರು. ಬಯಲಲ್ಲಿ ಗಾಳಿ ಬೆಳಕು ಕಂಡುಕೊಂಡು ಸುಖವಾಗಿರಲಿ ಎಂದರು. ಕೆಲವೇ ದಿನದಲ್ಲಿ ಆ ರೈತರು ಅದನ್ನು ಹೊಡೆದುಕೊಂಡು ವಾಪಸು ಬಂದರು. ಒಳ್ಳೆಯ ಮನುಷ್ಯ, ಹೇಳಲೂ ಸಂಕೋಚ ಅವರಿಗೆ.

“ಸಾಲು ಹಿಡಿಯಾಕಿಲ್ಲ ಕಣ್ರೀ. ನೇಗ್ಲು ಕಟ್ಟುದ್ರೆ ಜೊತೆ ಎತ್ನೂ ಎಳ್ಕೊಂಡು ಸುತ್ತಾಕ್ ಸುರು ಮಾಡ್ತದೆ.”

ನೇರವಾಗಿ ನಡೆಯುವುದನ್ನು ಅದಕ್ಕೆ ಯಾರು ತಾನೇ ಕಲಿಸಿದ್ದರು? ಅಪ್ಪ ಅದರ ಕೊರಳಡಿಯ ಗಂಗೆದೊಗಲು ಸವರುತ್ತ ಅತ್ತುಬಿಟ್ಟರು. ಅವರು ಅತ್ತದ್ದನ್ನು ನಾನು ಮೊದಲು ನೋಡಿದ್ದು ಅವತ್ತೇ.

ಇನ್ನು ಅದನ್ನು ಕೇಳಿಕೊಂಡು ಬರುವವನು ಕಟುಕನೊಬ್ಬನೇ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಾರನೆಯ ದಿನ ಅಪ್ಪ ಅದೇ ಮಿಲ್ಲಿಗೆ ಹೋಗಿ ಕೂಲಿಗೆ ಸೇರಿದರು. ಎತ್ತು ಕೊಟ್ಟಿಗೆಯಲ್ಲೇ ಉಳಿಯಿತು.

ಸೋಮವಾರ ಬಂತು. ಅಪ್ಪ ಎಂದಿನಂತೆ ಅದರ ಮೈ ತೊಳೆದರು, ವಿಭೂತಿ ಹಚ್ಚಿದರು. ಅಷ್ಟರಲ್ಲಿ ಪಕ್ಕದ ಬೀದಿಯಲ್ಲಿ ಮಿಲ್ಲಿನ ಸದ್ದು ಶುರುವಾಯಿತು. ಅವರು ಎತ್ತಿನ ಹಣೆಯ ಮೇಲೆ ಕೈಯಿಟ್ಟರು.

“ನಿಂಗಿನ್ಮೇಲೆ ದಿನಾ ಸೋಮವಾರ ಕಣಪ್ಪ,” ಅಂದರು. “ನಂಗೆ ಒಂದೂ ಇಲ್ಲ.”

ಟವೆಲು ಹೆಗಲಿಗೆ ಹಾಕಿಕೊಂಡು ಹೊರಟರು. ಎತ್ತು ಅವರ ಹಿಂದೆಯೇ ಹೊರಡಲು ನೋಡಿತು, ಹಗ್ಗ ಬಿಡಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು, ಗೂಟದ ಸುತ್ತ ತಿರುಗತೊಡಗಿತು. ಅಮ್ಮ ನನ್ನನ್ನು ಒಳಗೆ ಕರೆದರು. ನಾನು ಹೋಗಲಿಲ್ಲ.